ಗಣಕ ಬದಲಾದಾಗ ನಡೆ ಬದಲಿಸುವ ಜಾವಾ ಪ್ರೋಗ್ರಾಂಗಳು: ಕಾರಣಗಳು ಮತ್ತು ಪತ್ತೆಯ ಕ್ರಮ

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1995ರ ಮೇ ತಿಂಗಳಲ್ಲಿ ಜಾವಾ ಭಾಷೆಯನ್ನು ಪ್ರಕಟಿಸಿದಾಗ ಅದರ ಜೊತೆಗೇ ಒಂದು ಭರವಸೆಯನ್ನೂ ಕೊಟ್ಟಿತ್ತು: ಪ್ರೋಗ್ರಾಂ ಅನ್ನು ಒಮ್ಮೆ ಬರೆದರೆ ಸಾಕು, ಅದು ಯಾವ ಗಣಕದಲ್ಲಾದರೂ ಓಡುತ್ತದೆ. ಜೇಮ್ಸ್ ಗೋಸ್ಲಿಂಗ್ ಮತ್ತು ಅವರ ಸಂಗಡಿಗರು 1991ರಲ್ಲಿ ಈ ಕೆಲಸಕ್ಕೆ ಕೈಹಾಕಿದಾಗ ಅವರ ಕಣ್ಣೆದುರು ಇದ್ದದ್ದು ಮೇಜಿನ ಮೇಲಿನ ಗಣಕಗಳಿಗಿಂತ ಹೆಚ್ಚಾಗಿ ತರಹೇವಾರಿ ಚಿಪ್‌ಗಳನ್ನು ಒಳಗೊಂಡ ಗೃಹೋಪಯೋಗಿ ಎಲೆಕ್ಟ್ರಾನಿಕ್ ಸಾಧನಗಳು. ಚಿಪ್ ಬದಲಾದಾಗಲೆಲ್ಲ ಪ್ರೋಗ್ರಾಂ ಅನ್ನು ಮತ್ತೆ ಹೊಂದಿಸಿಕೊಳ್ಳಬೇಕಾದ ತೊಡಕಿನಿಂದ ಪಾರಾಗುವ ಬಯಕೆಯೇ ಆ ಭಾಷೆಯ ಹುಟ್ಟಿಗೆ ಒಂದು ಮುಖ್ಯ ಕಾರಣವಾಯಿತು. ಮೂರು ದಶಕಗಳ ತರುವಾಯ ಆ ಭರವಸೆ ಬಹುಮಟ್ಟಿಗೆ ಈಡೇರಿದೆ ಎನ್ನಲು ಅಡ್ಡಿಯಿಲ್ಲ. ಆದರೂ ಅಭಿವೃದ್ಧಿಪಡಿಸಿದವರ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೆದ ಪ್ರೋಗ್ರಾಂ ಸರ್ವರಿನಲ್ಲಿ ತಪ್ಪು ದಿನಾಂಕ ತೋರಿಸುವುದು, ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳನ್ನು ಮುದ್ರಿಸುವುದು, ಅಥವಾ ಯಾವ ದೂರೂ ಹೇಳದೆ ಸುಮ್ಮನೆ ನಿಂತುಬಿಡುವುದು ಜಾವಾ ಬಳಸುವ ಪ್ರತಿಯೊಂದು ಕಚೇರಿಗೂ ಪರಿಚಿತವಾದ ಸಂಗತಿಗಳು. ಈ ದೋಷಗಳು ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡರೂ ಅವುಗಳ ಬೇರು ಹೆಚ್ಚಿನ ಸಂದರ್ಭಗಳಲ್ಲಿ ಒಂದೇ ಆಗಿರುತ್ತದೆ.

ಆ ಬೇರನ್ನು ಕಾಣಬೇಕಾದರೆ ಜಾವಾ ಕೊಟ್ಟ ಭರವಸೆಯ ವ್ಯಾಪ್ತಿ ಎಷ್ಟೆಂಬುದನ್ನು ಮೊದಲು ಅರಿಯಬೇಕು. ಜಾವಾ ಕಂಪೈಲರ್ ಮೂಲ ಬರಹವನ್ನು ಯಾವುದೇ ನಿರ್ದಿಷ್ಟ ಚಿಪ್ಪಿನ ಆದೇಶಗಳಿಗೆ ಪರಿವರ್ತಿಸುವುದಿಲ್ಲ. ಬದಲಾಗಿ ಬೈಟ್‌ಕೋಡ್ ಎಂಬ ಮಧ್ಯಂತರ ರೂಪಕ್ಕೆ ಇಳಿಸುತ್ತದೆ. ಪ್ರತಿ ಗಣಕದಲ್ಲೂ ಸ್ಥಾಪಿಸಲಾದ ಜಾವಾ ವರ್ಚುವಲ್ ಮಷಿನ್, ಅಂದರೆ ತಂತ್ರಾಂಶದಿಂದಲೇ ಕಟ್ಟಿದ ಕಾಲ್ಪನಿಕ ಯಂತ್ರ, ಆ ಬೈಟ್‌ಕೋಡನ್ನು ಓದಿ ಸ್ಥಳೀಯ ಚಿಪ್ಪಿಗೆ ತಕ್ಕಂತೆ ನಡೆಸುತ್ತದೆ. ಸಿ ಭಾಷೆಯಲ್ಲಿ ಪೂರ್ಣಾಂಕವೊಂದರ ಗಾತ್ರವನ್ನು ಕಂಪೈಲರ್ ತಯಾರಕರ ವಿವೇಚನೆಗೆ ಬಿಟ್ಟಿದ್ದರೆ, ಜಾವಾದಲ್ಲಿ ಇಂಟ್ ಎಂಬುದು ಎಲ್ಲೆಡೆ 32 ಬಿಟ್, ಲಾಂಗ್ ಎಂಬುದು ಎಲ್ಲೆಡೆ 64 ಬಿಟ್; ಒಂದು ಸೂತ್ರದ ಭಾಗಗಳನ್ನು ಎಡದಿಂದ ಬಲಕ್ಕೆ ಲೆಕ್ಕ ಹಾಕಬೇಕೆಂಬುದೂ ಭಾಷೆಯ ನಿಯಮದಲ್ಲೇ ಬರೆದಿದೆ. ಇಷ್ಟರ ಮಟ್ಟಿಗೆ ಭರವಸೆ ಗಟ್ಟಿಯಾಗಿದೆ. ಆದರೆ ನಿಜವಾದ ಪ್ರೋಗ್ರಾಂ ಬರಿಯ ಲೆಕ್ಕ ಮಾಡಿ ಸುಮ್ಮನಾಗುವುದಿಲ್ಲ. ಅದು ಕಡತ ತೆರೆಯುತ್ತದೆ, ಗಡಿಯಾರ ನೋಡುತ್ತದೆ, ಅಕ್ಷರಗಳನ್ನು ಬೈಟ್‌ಗಳಾಗಿಸುತ್ತದೆ, ಕೆಲಸವನ್ನು ಹಲವು ಥ್ರೆಡ್‌ಗಳಿಗೆ ಹಂಚುತ್ತದೆ. ಇಂಥ ಪ್ರತಿಯೊಂದು ಕಡೆಯಲ್ಲೂ ಬರೆದವರು ಸ್ಪಷ್ಟವಾಗಿ ಹೇಳದೇ ಬಿಟ್ಟದ್ದನ್ನು ಸುತ್ತಲಿನ ವ್ಯವಸ್ಥೆಯೇ ತುಂಬಿಕೊಳ್ಳುತ್ತದೆ. ಹೀಗೆ ತುಂಬಿಕೊಂಡ ಮೌಲ್ಯಕ್ಕೆ ಡಿಫಾಲ್ಟ್ ಎಂದು ಹೆಸರು. ಅಡುಗೆಯ ಪುಸ್ತಕದಲ್ಲಿ ‘ಉಪ್ಪು ರುಚಿಗೆ ತಕ್ಕಷ್ಟು’ ಎಂದು ಬರೆದಿದ್ದರೆ ಪ್ರತಿ ಮನೆಯ ಸಾರಿನ ರುಚಿಯೂ ಬೇರೆಯಾಗುವುದು ಸಹಜವೇ ಹೊರತು ಅದನ್ನು ಒಲೆಯ ದೋಷವೆನ್ನಲಾಗದು. ಗಣಕದಿಂದ ಗಣಕಕ್ಕೆ ನಡೆ ಬದಲಿಸುವ ಪ್ರೋಗ್ರಾಂ ಎದುರಾದಾಗ ಕೇಳಬೇಕಾದ ಪ್ರಶ್ನೆ ‘ಯಂತ್ರಕ್ಕೆ ಏನಾಗಿದೆ’ ಎಂಬುದಲ್ಲ, ‘ಪ್ರೋಗ್ರಾಂ ಯಾವುದನ್ನು ಹೇಳದೇ ಬಿಟ್ಟಿದೆ’ ಎಂಬುದು.

ಪತ್ತೆಯ ಕೆಲಸದಲ್ಲಿ ಮೊದಲು ನೋಡಬೇಕಾದದ್ದು ಆವೃತ್ತಿಯನ್ನು. ಅತ್ಯಂತ ಸಾಮಾನ್ಯವಾದ ಮತ್ತು ಅತ್ಯಂತ ಬೇಗ ಬಗೆಹರಿಯುವ ಕಾರಣ ಅದೇ. ಬೈಟ್‌ಕೋಡ್ ಇರುವ ಪ್ರತಿ ಕ್ಲಾಸ್ ಕಡತದ ಆರಂಭದಲ್ಲಿ ಅದು ಯಾವ ಪೀಳಿಗೆಯ ಜಾವಾಗೆ ಸೇರಿದ್ದೆಂಬುದನ್ನು ಹೇಳುವ ಸಂಖ್ಯೆಯೊಂದಿರುತ್ತದೆ: ಜಾವಾ 8ಕ್ಕೆ 52, ಜಾವಾ 11ಕ್ಕೆ 55, ಜಾವಾ 17ಕ್ಕೆ 61, ಜಾವಾ 21ಕ್ಕೆ 65. ತನಗಿಂತ ಹೊಸ ಪೀಳಿಗೆಯ ಸಂಖ್ಯೆ ಕಂಡ ವರ್ಚುವಲ್ ಮಷಿನ್ ಆ ಕಡತವನ್ನು ಬೆಂಬಲವಿಲ್ಲದ ಆವೃತ್ತಿಯೆಂದು ನಿರಾಕರಿಸುತ್ತದೆ. ಹೀಗೆ ನೇರವಾಗಿ ನಿರಾಕರಿಸಿದರೆ ಕೆಲಸ ಸುಲಭ. ಅದಕ್ಕಿಂತ ಕಠಿಣವಾದದ್ದು ಕಡತ ಸ್ವೀಕೃತವಾಗಿ ನಡುದಾರಿಯಲ್ಲಿ ಮುಗ್ಗರಿಸುವ ಪ್ರಸಂಗ. ಬೈಟ್‌ಬಫರ್ ಎಂಬ ಕ್ಲಾಸಿನ ಫ್ಲಿಪ್ ವಿಧಾನ ಇದಕ್ಕೆ ಪ್ರಸಿದ್ಧ ಉದಾಹರಣೆ. ಜಾವಾ 8ರವರೆಗೆ ಆ ವಿಧಾನ ಮೂಲ ಬಫರ್ ಕ್ಲಾಸಿಗೆ ಸೇರಿತ್ತು. ಜಾವಾ 9ರಲ್ಲಿ ಬೈಟ್‌ಬಫರ್ ತನ್ನದೇ ಆದ ಫ್ಲಿಪ್ ಅನ್ನು ಪಡೆಯಿತು. ಹೊಸ ಕಂಪೈಲರಿಗೆ ‘ಮೂಲವೂ ಗುರಿಯೂ ಜಾವಾ 8’ ಎಂದು ಸೂಚಿಸಿ ಕಂಪೈಲ್ ಮಾಡಿದರೂ ಅದು ಹೊಸ ಗ್ರಂಥಾಲಯವನ್ನೇ ನೋಡಿ ಹೊಸ ವಿಧಾನದ ಹೆಸರನ್ನು ಬೈಟ್‌ಕೋಡಿನಲ್ಲಿ ಬರೆದುಬಿಡುತ್ತದೆ. ಜಾವಾ 8 ಇರುವ ಗಣಕದಲ್ಲಿ ಆ ಸಾಲಿಗೆ ಬಂದಾಗ ಮಾತ್ರ ‘ಅಂಥ ವಿಧಾನವಿಲ್ಲ’ ಎಂಬ ದೋಷ ಹೊರಬೀಳುತ್ತದೆ. ಜಾವಾ 9ರಿಂದ ಕಂಪೈಲರಿಗೆ ಸೇರಿದ ‘ರಿಲೀಸ್’ ಎಂಬ ಆಯ್ಕೆ ಹಳೆಯ ಗ್ರಂಥಾಲಯದ ಚಿತ್ರವನ್ನೇ ಎದುರಿಗಿಟ್ಟುಕೊಂಡು ಕಂಪೈಲ್ ಮಾಡಿಸುವುದರಿಂದ ಈ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಇದರ ವಿರುದ್ಧ ದಿಕ್ಕಿನ ತೊಂದರೆಯೂ ಉಂಟು: 2018ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 11, ಎಕ್ಸ್‌ಎಂಎಲ್ ದಾಖಲೆಗಳನ್ನು ಜಾವಾ ವಸ್ತುಗಳಿಗೆ ಹೊಂದಿಸುವ ಜಾಕ್ಸ್‌ಬಿ ಮೊದಲಾದ ಭಾಗಗಳನ್ನು ತನ್ನ ಮೂಲ ಸರಕಿನಿಂದ ತೆಗೆದುಹಾಕಿದ್ದರಿಂದ, ಅವು ಇದ್ದೇ ಇರುತ್ತವೆಂದು ನಂಬಿದ್ದ ಹಳೆಯ ಪ್ರೋಗ್ರಾಂಗಳು ಹೊಸ ಗಣಕಗಳಲ್ಲಿ ನಿಂತುಹೋದವು.

ಗ್ರಂಥಾಲಯಗಳ ಆವೃತ್ತಿಗೂ ಇದೇ ಮಾತು ಅನ್ವಯಿಸುತ್ತದೆ. ಕ್ಲಾಸ್‌ಪಾತ್ ಎಂದರೆ ಕ್ಲಾಸುಗಳನ್ನು ಎಲ್ಲೆಲ್ಲಿ ಹುಡುಕಬೇಕೆಂದು ಸೂಚಿಸುವ ಪಟ್ಟಿ. ಅದರಲ್ಲಿ ಒಂದೇ ಗ್ರಂಥಾಲಯದ ಎರಡು ಆವೃತ್ತಿಗಳು ಸೇರಿಕೊಂಡರೆ ಮೊದಲು ಸಿಕ್ಕಿದ್ದೇ ಬಳಕೆಯಾಗುತ್ತದೆ. ಒಂದು ಫೋಲ್ಡರಿನ ಎಲ್ಲ ಜಾರ್ ಕಡತಗಳೂ, ಅಂದರೆ ಕ್ಲಾಸುಗಳನ್ನು ಒಟ್ಟುಗೂಡಿಸಿದ ಕಟ್ಟುಗಳೂ, ಬೇಕೆಂದು ನಕ್ಷತ್ರ ಚಿಹ್ನೆಯಿಂದ ಸೂಚಿಸಿದರೆ ಅವು ಯಾವ ಅನುಕ್ರಮದಲ್ಲಿ ಸೇರುತ್ತವೆಂಬುದು ನಿಗದಿಯಾಗಿಲ್ಲ. ಅದು ವೇದಿಕೆಯಿಂದ ವೇದಿಕೆಗೆ ಮಾತ್ರವಲ್ಲ, ಒಂದೇ ಗಣಕದಲ್ಲಿ ಹೊತ್ತಿನಿಂದ ಹೊತ್ತಿಗೂ ಬದಲಾಗಬಹುದೆಂದು ಜಾವಾದ ಅಧಿಕೃತ ಕೈಪಿಡಿಯೇ ಎಚ್ಚರಿಸುತ್ತದೆ. ಕ್ಲಾಸುಗಳು ಲೋಡ್ ಆಗುವುದನ್ನು ದಾಖಲಿಸುವ ಆಯ್ಕೆಯೊಂದಿಗೆ ಎರಡೂ ಗಣಕಗಳಲ್ಲಿ ಪ್ರೋಗ್ರಾಂ ಓಡಿಸಿ, ಸಂಶಯವಿರುವ ಕ್ಲಾಸ್ ಯಾವ ಜಾರ್ ಕಡತದಿಂದ ಬಂತೆಂದು ಹೋಲಿಸಿದರೆ ಗಂಟೆಗಟ್ಟಲೆಯ ಊಹೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ.

ಆವೃತ್ತಿಗಳು ಒಂದೇ ಎಂದು ಖಚಿತವಾದ ಮೇಲೂ ಉಳಿಯುವ ತೊಂದರೆಗಳಲ್ಲಿ ಕನ್ನಡದಂಥ ಭಾಷೆಗಳನ್ನು ಬಳಸುವವರಿಗೆ ಅತ್ಯಂತ ಹತ್ತಿರದ್ದು ಅಕ್ಷರ ಸಂಕೇತೀಕರಣದ ತೊಂದರೆ. ಜಾವಾ ತನ್ನೊಳಗೆ ಪಠ್ಯವನ್ನು ಯೂನಿಕೋಡ್ ರೂಪದಲ್ಲೇ ಇಟ್ಟುಕೊಳ್ಳುತ್ತದೆ. ಆದ್ದರಿಂದ ಸ್ಮೃತಿಯಲ್ಲಿರುವವರೆಗೆ ಕನ್ನಡ ಪಠ್ಯಕ್ಕೆ ಯಾವ ಅಪಾಯವೂ ಇಲ್ಲ. ಅಪಾಯ ಇರುವುದು ಬಾಗಿಲಲ್ಲಿ, ಅಂದರೆ ಅಕ್ಷರಗಳು ಬೈಟ್‌ಗಳಾಗಿ ಕಡತಕ್ಕೆ ಇಳಿಯುವಾಗ ಮತ್ತು ಬೈಟ್‌ಗಳು ಅಕ್ಷರಗಳಾಗಿ ಮರಳುವಾಗ. ಜಾವಾ 17ರವರೆಗೆ, ಯಾವ ಸಂಕೇತೀಕರಣವೆಂದು ಪ್ರೋಗ್ರಾಂ ಹೇಳದಿದ್ದರೆ ಕಾರ್ಯಾಚರಣ ವ್ಯವಸ್ಥೆಯನ್ನೂ ಅದರ ಪ್ರಾದೇಶಿಕ ಹೊಂದಿಕೆಯನ್ನೂ ನೋಡಿ ಡಿಫಾಲ್ಟ್ ನಿರ್ಧಾರವಾಗುತ್ತಿತ್ತು. ಇಂಗ್ಲಿಷ್ ಹೊಂದಿಕೆಯ ವಿಂಡೋಸ್‌ನಲ್ಲಿ ಅದು ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಮಾಡಿದ ವಿಂಡೋಸ್-1252. ಇಂದಿನ ಹೆಚ್ಚಿನ ಲಿನಕ್ಸ್ ಮತ್ತು ಮ್ಯಾಕ್ ಗಣಕಗಳಲ್ಲಿ ಯೂನಿಕೋಡಿನ ಎಲ್ಲ ಅಕ್ಷರಗಳನ್ನೂ ಬರೆಯಬಲ್ಲ ಯುಟಿಎಫ್-8.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಂಡು ನೋಡಿದರೆ ಈ ವ್ಯತ್ಯಾಸದ ಪರಿಣಾಮ ಸ್ಪಷ್ಟವಾಗುತ್ತದೆ. ಯೂನಿಕೋಡಿನಲ್ಲಿ ಅದು ಐದು ಸಂಕೇತಗಳ ಸಾಲು: ಕ, ನ, ವಿರಾಮ ಚಿಹ್ನೆ, ಮತ್ತೆ ನ, ಡ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತವೂ ಮೂರು ಬೈಟ್ ಹಿಡಿಯುವುದರಿಂದ ಒಟ್ಟು ಹದಿನೈದು ಬೈಟ್‌ಗಳಾಗುತ್ತವೆ. ಅವುಗಳಲ್ಲಿ ‘ಕ’ಕಾರದ ಬೈಟ್‌ಗಳು 224, 178 ಮತ್ತು 149. ಲಿನಕ್ಸ್ ಗಣಕದಲ್ಲಿ ಹೀಗೆ ಬರೆದ ಕಡತವನ್ನು ಹಳೆಯ ಜಾವಾ ಇರುವ ವಿಂಡೋಸ್ ಗಣಕ ತನ್ನ ಡಿಫಾಲ್ಟಿನಿಂದ ಓದಿದಾಗ ಒಂದೊಂದು ಬೈಟೂ ಒಂದೊಂದು ಅಕ್ಷರವಾಗಿ, ‘ಕ’ದ ಜಾಗದಲ್ಲಿ ಫ್ರೆಂಚರ ಸ್ವರಚಿಹ್ನೆಯುಳ್ಳ ‘ಎ’ ಅಕ್ಷರ, ಮೇಲೇರಿಸಿ ಬರೆದ 2 ಮತ್ತು ಒಂದು ದಪ್ಪ ಚುಕ್ಕೆ ಕಾಣಿಸಿಕೊಳ್ಳುತ್ತವೆ. ನೋಡಲು ಅಸಹ್ಯವಾದರೂ ಇಲ್ಲಿಯವರೆಗೆ ಮಾಹಿತಿ ನಾಶವಾಗಿಲ್ಲ. ಅದೇ ದಾರಿಯಲ್ಲಿ ಹಿಂದಕ್ಕೆ ನಡೆದರೆ ‘ಕ’ ಮರಳಿ ದಕ್ಕುತ್ತದೆ. ವಿರಾಮ ಚಿಹ್ನೆಯ ಗತಿ ಬೇರೆ. ಅದರ ಬೈಟ್‌ಗಳು 224, 179 ಮತ್ತು 141. ವಿಂಡೋಸ್-1252ರ ಕೋಷ್ಟಕದಲ್ಲಿ 141ಕ್ಕೆ ಯಾವ ಅಕ್ಷರವನ್ನೂ ಕೊಟ್ಟಿಲ್ಲವಾದ್ದರಿಂದ ಜಾವಾ ಆ ಬೈಟಿನ ಬದಲಿಗೆ ‘ಅಪರಿಚಿತ’ ಎಂಬ ಗುರುತನ್ನಿಡುತ್ತದೆ, ಮೂಲ ಬೈಟ್ ಅಲ್ಲಿಗೇ ಮರೆತುಹೋಗುತ್ತದೆ. ಹೀಗೆಯೇ ಕೋಷ್ಟಕದಲ್ಲಿ ಖಾಲಿ ಉಳಿದ 129, 143, 144 ಮತ್ತು 157ರ ದೆಸೆಯಿಂದ ಉಕಾರದ ಚಿಹ್ನೆ, ಏ, ಐ ಮತ್ತು ಝ ಕೂಡ ನಷ್ಟವಾಗುತ್ತವೆ. ಹಾಳಾದ ಕನ್ನಡ ಕಡತವೊಂದನ್ನು ರಿಪೇರಿ ಮಾಡಿದಾಗ ಹೆಚ್ಚಿನ ಅಕ್ಷರಗಳು ಸರಿಹೋಗಿ ಒತ್ತಕ್ಷರಗಳೂ ಉಕಾರಗಳೂ ಮಾತ್ರ ಒಡೆದೇ ಉಳಿದಿದ್ದರೆ ಅದಕ್ಕೆ ಕಾರಣ ಇದು. ವಿರುದ್ಧ ದಿಕ್ಕಿನ ತಪ್ಪು ಇದಕ್ಕಿಂತ ಘೋರ: ಕನ್ನಡ ಪಠ್ಯವನ್ನು ವಿಂಡೋಸ್-1252ರಲ್ಲಿ ಬರೆಯ ಹೊರಟರೆ ಅಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲದ್ದರಿಂದ ಪ್ರತಿ ಸಂಕೇತವೂ ಪ್ರಶ್ನಾರ್ಥಕ ಚಿಹ್ನೆಯಾಗಿ, ಅಂದರೆ 63 ಎಂಬ ಬೈಟಾಗಿ ಇಳಿಯುತ್ತದೆ, ಮತ್ತು ಆ ಕಡತದಿಂದ ಏನನ್ನೂ ಮರಳಿ ಪಡೆಯಲಾಗದು.

ಹೀಗಿರುವಾಗ ಪತ್ತೆ ಮಾಡುವವರು ಪರದೆಯ ಮೇಲಿನ ಅಕ್ಷರಗಳನ್ನು ನಂಬದೆ ಕಡತದ ಬೈಟ್‌ಗಳನ್ನೇ ತೆರೆದು ನೋಡುವುದು ಲೇಸು. 224ರಿಂದ ಆರಂಭವಾಗುವ ಮೂರರ ಗುಂಪುಗಳಿದ್ದರೆ ಕಡತ ಸರಿಯಾಗಿದೆ, ತಪ್ಪಿರುವುದು ಓದುವ ಕಡೆಯಲ್ಲಿ. ಸಾಲುಸಾಲು 63 ಕಂಡರೆ ತಪ್ಪು ಬರೆದ ಕಡೆಯದು. ಬೈಟ್‌ಗಳು ಸರಿಯಾಗಿದ್ದೂ ಪರದೆಯಲ್ಲಿ ಚೌಕಗಳು ಮೂಡಿದರೆ ಅದು ಸಂಕೇತೀಕರಣದ ದೋಷವಲ್ಲ, ಆ ಗಣಕದಲ್ಲಿ ಕನ್ನಡ ಫಾಂಟ್ ಇಲ್ಲದಿರುವುದು. ಚಿಕ್ಕದಾಗಿ ಕಟ್ಟಿದ ಸರ್ವರ್‌ಗಳಲ್ಲಿ ಪಿಡಿಎಫ್ ಅಥವಾ ಚಿತ್ರ ತಯಾರಿಸುವ ಜಾವಾ ಪ್ರೋಗ್ರಾಂಗಳು ಈ ಕಾರಣಕ್ಕೆ ಎಡವುವುದು ಸಾಮಾನ್ಯ. ಜಾವಾ ಗ್ರಂಥಾಲಯವೂ ಸಂಕೇತೀಕರಣದ ವಿಷಯದಲ್ಲಿ ಬಹುಕಾಲ ಒಂದೇ ಮನಸ್ಸಿನಿಂದ ನಡೆದುಕೊಳ್ಳಲಿಲ್ಲ. ಫೈಲ್‌ರೀಡರ್ ಎಂಬ ಹಳೆಯ ಕ್ಲಾಸ್ ವ್ಯವಸ್ಥೆಯ ಡಿಫಾಲ್ಟನ್ನು ಬಳಸುತ್ತಿದ್ದರೆ, ಜಾವಾ 8ರ ಫೈಲ್ಸ್ ಕ್ಲಾಸಿನಲ್ಲಿ ಎಲ್ಲ ಸಾಲುಗಳನ್ನೂ ಒಮ್ಮೆಗೇ ಓದುವ ವಿಧಾನ ಯುಟಿಎಫ್-8 ಅನ್ನೇ ಬಳಸುತ್ತದೆ. ಒಂದೇ ಪ್ರೋಗ್ರಾಂ ಒಂದೇ ಕಡತವನ್ನು ಎರಡು ರೀತಿ ಓದಲು ಇಷ್ಟು ಸಾಕು. ಫೈಲ್‌ರೀಡರಿಗೆ ಸಂಕೇತೀಕರಣವನ್ನು ತಿಳಿಸುವ ನೇರ ದಾರಿ ಒದಗಿದ್ದೇ ಜಾವಾ 11ರಲ್ಲಿ, ಅಂದರೆ ಆ ಕ್ಲಾಸ್ ಹುಟ್ಟಿ ಎರಡು ದಶಕಗಳು ಕಳೆದ ಮೇಲೆ. 2022ರ ಮಾರ್ಚಿನಲ್ಲಿ ಬಂದ ಜಾವಾ 18 ಎಲ್ಲ ವೇದಿಕೆಗಳಿಗೂ ಯುಟಿಎಫ್-8 ಅನ್ನೇ ಡಿಫಾಲ್ಟ್ ಮಾಡಿದ್ದು ಕನ್ನಡ ಬಳಸುವವರ ಮಟ್ಟಿಗೆ ಬಹಳ ತಡವಾಗಿ ಬಂದ ನ್ಯಾಯವೆಂದೇ ಹೇಳಬೇಕು. ಆದರೂ ಬಾಗಿಲುಗಳೆಲ್ಲ ಭದ್ರವಾದಂತಲ್ಲ. ಟರ್ಮಿನಲ್ ಪರದೆಗೆ ಹೋಗುವ ಪಠ್ಯ ಇಂದಿಗೂ ಆ ಟರ್ಮಿನಲ್ಲಿನ ಸಂಕೇತೀಕರಣವನ್ನೇ ಅನುಸರಿಸುತ್ತದೆ. ಕಡತದ ಒಳಗಿನ ಪಠ್ಯಕ್ಕೆ ಸಿಕ್ಕ ರಕ್ಷಣೆ ಕಡತದ ಹೆಸರಿಗೆ ಸಿಕ್ಕಿಲ್ಲ. ಲಿನಕ್ಸ್‌ನಲ್ಲಿ ಭಾಷಾ ಹೊಂದಿಕೆಯ ಪರಿಸರ ಚರಗಳಿಲ್ಲದೆ ಆರಂಭವಾದ ಪ್ರೋಗ್ರಾಂ, ಉದಾಹರಣೆಗೆ ನಿಗದಿತ ವೇಳೆಗೆ ಕೆಲಸ ನಡೆಸುವ ಕ್ರಾನ್ ಸೇವೆಯಿಂದ ಎಬ್ಬಿಸಲ್ಪಟ್ಟದ್ದು, ಕನ್ನಡದಲ್ಲಿ ಹೆಸರಿಟ್ಟ ಕಡತವನ್ನು ತೆರೆಯಲಾರದೆ ಸೋಲಬಹುದು. ಅದೇ ಪ್ರೋಗ್ರಾಂ ಅದೇ ಗಣಕದಲ್ಲಿ ಟರ್ಮಿನಲ್ಲಿನಿಂದ ಓಡಿಸಿದಾಗ ನಿರಾಯಾಸವಾಗಿ ನಡೆಯುತ್ತದೆ. ವ್ಯತ್ಯಾಸ ಕಾಣಲು ಎರಡು ಗಣಕಗಳೇ ಬೇಕೆಂದಿಲ್ಲ, ಎರಡು ಪರಿಸರಗಳು ಸಾಕು.

ಸಂಕೇತೀಕರಣಕ್ಕೆ ತೀರ ಹತ್ತಿರದ ನೆಂಟ ಲೊಕೇಲ್, ಅಂದರೆ ಭಾಷೆ ಮತ್ತು ಪ್ರದೇಶಕ್ಕೆ ತಕ್ಕಂತೆ ದಿನಾಂಕ, ಅಂಕಿ, ಅಕ್ಷರಗಳ ರೂಪವನ್ನು ನಿರ್ಧರಿಸುವ ಹೊಂದಿಕೆ. ಜರ್ಮನ್ ಹೊಂದಿಕೆಯ ಗಣಕದಲ್ಲಿ ದಶಮಾಂಶ ಬಿಂದುವಿನ ಬದಲು ಅಲ್ಪವಿರಾಮ ಬರುವುದರಿಂದ, ಅಲ್ಪವಿರಾಮಗಳಿಂದ ಅಂಕಣಗಳನ್ನು ಬೇರ್ಪಡಿಸುವ ಕಡತದಲ್ಲಿ ಒಂದು ಮೊತ್ತ ಎರಡು ಅಂಕಣಗಳಾಗಿ ಒಡೆಯುತ್ತದೆ. ತುರ್ಕಿ ಭಾಷೆಯಲ್ಲಿ ಚುಕ್ಕೆಯುಳ್ಳ ‘ಐ’ ಮತ್ತು ಚುಕ್ಕೆಯಿಲ್ಲದ ‘ಐ’ ಎರಡು ಬೇರೆ ಅಕ್ಷರಗಳಾದ್ದರಿಂದ, ಆ ಹೊಂದಿಕೆಯಲ್ಲಿ ದೊಡ್ಡಕ್ಷರದ ಪದವನ್ನು ಚಿಕ್ಕಕ್ಷರಕ್ಕೆ ಇಳಿಸಿ ಹೋಲಿಸುವ ಸಾಮಾನ್ಯ ತಂತ್ರವೇ ಮುರಿದುಬೀಳುತ್ತದೆ. ಮನುಷ್ಯರು ಓದದ, ಪ್ರೋಗ್ರಾಂಗಳಷ್ಟೇ ಓದುವ ಪಠ್ಯಕ್ಕೆ ‘ರೂಟ್’ ಎಂಬ ತಟಸ್ಥ ಲೊಕೇಲನ್ನು ಹೆಸರಿಸಿ ಕೊಡುವುದೇ ಇದಕ್ಕೆ ಪರಿಹಾರ. ಲೊಕೇಲಿನ ಮಾಹಿತಿಯೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಜಾವಾ 8ರ ಡಿಫಾಲ್ಟ್ ಮಾಹಿತಿಯಲ್ಲಿ ಕನ್ನಡವಿರಲಿಲ್ಲವಾಗಿ ಕನ್ನಡದ ಲೊಕೇಲ್ ಕೇಳಿದರೂ ತಿಂಗಳ ಹೆಸರು ಇಂಗ್ಲಿಷಿನಲ್ಲೇ ಬರುತ್ತಿತ್ತು. ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ಲೊಕೇಲ್ ಮಾಹಿತಿಯ ಭಂಡಾರವನ್ನು ಡಿಫಾಲ್ಟ್ ಮಾಡಿಕೊಂಡ ಜಾವಾ 9ರಿಂದ ‘ಜನವರಿ’ ಎಂದು ಕನ್ನಡದಲ್ಲೇ ಬರತೊಡಗಿತು. ಇದು ಸ್ವಾಗತಾರ್ಹ ಬದಲಾವಣೆಯೇ ಆದರೂ, ಒಂದು ಗಣಕ ಬರೆದ ದಿನಾಂಕವನ್ನು ಇನ್ನೊಂದು ಗಣಕ ಓದಲಾರದ ಸ್ಥಿತಿಗೆ ಅದೇ ಕಾರಣವಾಗಬಲ್ಲದು. 2023ರ ಜಾವಾ 20ರಲ್ಲಿ ಅಮೆರಿಕನ್ ಇಂಗ್ಲಿಷಿನ ಸಮಯ ಮತ್ತು ‘ಎಎಂ’, ‘ಪಿಎಂ’ ಗುರುತುಗಳ ನಡುವಿನ ಸಾದಾ ಖಾಲಿ ಜಾಗ ಹೋಗಿ ಕಣ್ಣಿಗೆ ವ್ಯತ್ಯಾಸವೇ ತಿಳಿಯದ ಕಿರಿದಾದ ಇನ್ನೊಂದು ಖಾಲಿ ಅಕ್ಷರ ಬಂದಾಗ, ಸಮಯದ ಪಠ್ಯವನ್ನು ಓದಿ ಅರ್ಥೈಸುತ್ತಿದ್ದ ಪ್ರೋಗ್ರಾಂಗಳು ಇದೇ ತೊಂದರೆಗೆ ಸಿಲುಕಿದವು.

ಕಾಲವಲಯದ ಡಿಫಾಲ್ಟ್ ಕೂಡ ಗಣಕದಿಂದಲೇ ಬರುತ್ತದೆ. ಬೆಂಗಳೂರಿನಲ್ಲಿ ಬರೆದ ಪ್ರೋಗ್ರಾಂ ಭಾರತೀಯ ಕಾಲಮಾನದ ಲ್ಯಾಪ್‌ಟಾಪಿನಲ್ಲಿ ಬೆಳಗಿನ 4 ಗಂಟೆಗೆ ‘ಇಂದಿನ ದಿನಾಂಕ’ ಕೇಳಿದರೆ ಇಂದಿನದೇ ಸಿಗುತ್ತದೆ. ಯುಟಿಸಿ ಕಾಲಮಾನದಲ್ಲಿಟ್ಟ ಕ್ಲೌಡ್ ಸರ್ವರಿನಲ್ಲಿ ಆಗಿನ್ನೂ ನಿನ್ನೆಯ ರಾತ್ರಿ 10.30. ದಿನದ ಲೆಕ್ಕ ಮುಗಿಸುವ ಪ್ರೋಗ್ರಾಂಗಳು ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯವರೆಗೆ ಮಾತ್ರ ತಪ್ಪು ಉತ್ತರ ಕೊಟ್ಟು ಕಚೇರಿಯ ವೇಳೆಯಲ್ಲಿ ಪರೀಕ್ಷಿಸಿದಾಗ ಸರಿಯಾಗಿಯೇ ನಡೆಯುವುದರ ಗುಟ್ಟು ಇದು. ‘ಐಎಸ್‌ಟಿ’ ಎಂಬ ಮೂರಕ್ಷರದ ಹೆಸರನ್ನು ಭಾರತದಂತೆಯೇ ಇಸ್ರೇಲ್ ಮತ್ತು ಐರ್ಲೆಂಡ್ ಕೂಡ ತಮ್ಮ ಕಾಲಮಾನಕ್ಕೆ ಬಳಸುವುದರಿಂದ, ‘ಏಷ್ಯಾ/ಕೋಲ್ಕತಾ’ ಎಂಬ ಪೂರ್ಣ ಹೆಸರನ್ನೇ ಬರೆಯುವುದು ಕ್ಷೇಮ.

ಕಡತ ವ್ಯವಸ್ಥೆಯ ವ್ಯತ್ಯಾಸಗಳು ಬಹುಮಟ್ಟಿಗೆ ಎಲ್ಲರಿಗೂ ತಿಳಿದವು: ಓರೆಗೆರೆಯ ದಿಕ್ಕು, ಸಾಲಿನ ಕೊನೆಯ ಗುರುತು, ದೊಡ್ಡಕ್ಷರ–ಚಿಕ್ಕಕ್ಷರಗಳ ಭೇದವನ್ನು ಲಿನಕ್ಸ್ ಪಾಲಿಸುವುದು ಮತ್ತು ವಿಂಡೋಸ್ ಸಾಮಾನ್ಯವಾಗಿ ಪಾಲಿಸದಿರುವುದು. ಕಡತದ ಹೆಸರಿನಲ್ಲಿ ಒಂದಕ್ಷರದ ದೊಡ್ಡಚಿಕ್ಕ ತಪ್ಪಿದ್ದರೂ ವಿಂಡೋಸ್‌ನಲ್ಲಿ ಫೋಲ್ಡರಿನಿಂದ ನೇರವಾಗಿ ಓಡಿಸುತ್ತಿರುವವರೆಗೆ ಅದು ಅಡಗಿರುತ್ತದೆ; ಜಾರ್ ಕಡತದೊಳಗೆ ಈ ಭೇದ ಎಲ್ಲ ವೇದಿಕೆಗಳಲ್ಲೂ ಇರುವುದರಿಂದ ಪ್ಯಾಕ್ ಮಾಡಿದೊಡನೆ ಅದೇ ಗಣಕದಲ್ಲೇ ಬಯಲಾಗುತ್ತದೆ. ತೆರೆದಿರುವ ಕಡತವನ್ನು ಅಳಿಸಲು ಲಿನಕ್ಸ್ ಬಿಡುತ್ತದೆ, ವಿಂಡೋಸ್ ಸಾಮಾನ್ಯವಾಗಿ ತಡೆಯುತ್ತದೆ. ಹಳೆಯ ಫೈಲ್ ಕ್ಲಾಸಿನ ಅಳಿಸುವ ವಿಧಾನ ಸೋತರೆ ಸದ್ದಿಲ್ಲದೆ ‘ಇಲ್ಲ’ ಎಂಬ ಮೌಲ್ಯವನ್ನಷ್ಟೇ ಮರಳಿಸುವುದರಿಂದ, ಕಾರಣಸಹಿತ ದೋಷ ಎಸೆಯುವ ಹೊಸ ಫೈಲ್ಸ್ ಕ್ಲಾಸನ್ನು ಬಳಸುವುದೇ ಪತ್ತೆಗೆ ಅರ್ಧ ಸಹಾಯ.

ಅನುಕ್ರಮದ ಮೇಲಿನ ಆಧಾರರಹಿತ ನಂಬಿಕೆ ಇನ್ನೊಂದು ಬಗೆಯ ದೋಷಗಳಿಗೆ ಮೂಲ. ಫೋಲ್ಡರಿನ ಕಡತಗಳ ಪಟ್ಟಿ ಯಾವ ಕ್ರಮದಲ್ಲಿ ಸಿಗುತ್ತದೆಂದು ಜಾವಾ ಎಲ್ಲೂ ಮಾತು ಕೊಟ್ಟಿಲ್ಲ, ಆದರೆ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಅಕಾರಾದಿಯಲ್ಲಿ ಕಾಣುವುದರಿಂದ ಬರೆದವರಿಗೆ ಅದೇ ನಿಯಮವೆಂಬ ಭ್ರಮೆ ಹುಟ್ಟುತ್ತದೆ. ಹ್ಯಾಶ್‌ಮ್ಯಾಪ್‌ನಂಥ ಸಂಗ್ರಹಗಳಿಗೂ ಇದು ಅನ್ವಯಿಸುತ್ತದೆ. ಕ್ಲಾಸೊಂದರ ವಿಧಾನಗಳ ಪಟ್ಟಿಯ ಕ್ರಮ ಜಾವಾ 7ರಲ್ಲಿ ಬದಲಾದಾಗ, ಬರೆದ ಕ್ರಮದಲ್ಲೇ ಓಡುತ್ತವೆಂದು ನೆಚ್ಚಿಕೊಂಡಿದ್ದ ಅಸಂಖ್ಯ ಪರೀಕ್ಷೆಗಳು ಕೆಟ್ಟು, ಪರೀಕ್ಷೆಗಳನ್ನು ಓಡಿಸುವ ಜೆಯೂನಿಟ್ ಸಾಧನ ತನ್ನ 4.11ನೇ ಆವೃತ್ತಿಯಲ್ಲಿ ಕ್ರಮವನ್ನು ಹೆಸರಿಸುವ ಏರ್ಪಾಟು ಮಾಡಬೇಕಾಯಿತು. ಇಂಥ ಅನುಭವಗಳ ನಂತರ ಜಾವಾ ರೂಪಿಸಿದವರು ಜಾವಾ 9ರ ಬದಲಾಗದ ಸೆಟ್ ಮತ್ತು ಮ್ಯಾಪ್‌ಗಳಲ್ಲಿ ಒಂದು ದಿಟ್ಟ ಹೆಜ್ಜೆಯಿಟ್ಟರು: ವರ್ಚುವಲ್ ಮಷಿನ್ ಪ್ರತಿ ಬಾರಿ ಆರಂಭವಾದಾಗಲೂ ಬೇಕೆಂದೇ ಅನುಕ್ರಮವನ್ನು ಕಲಕಿಬಿಡುವುದು. ತಪ್ಪು ನಂಬಿಕೆ ಗ್ರಾಹಕರ ಗಣಕಕ್ಕೆ ತಲುಪಿದ ಮೇಲೆ ಮುರಿಯುವುದಕ್ಕಿಂತ ಬರೆದವರ ಮೇಜಿನಲ್ಲೇ ಮುರಿಯಲಿ ಎಂಬ ಈ ಧೋರಣೆ ಹೆಚ್ಚಿನ ಮೆಚ್ಚುಗೆಗೆ ಅರ್ಹವಾಗಿದೆ.

ದಶಮಾಂಶ ಗಣಿತದ ಕಥೆ ಈಗ ಬಹುಪಾಲು ಇತಿಹಾಸಕ್ಕೆ ಸೇರಿದೆ. ಹಳೆಯ ಇಂಟೆಲ್ ಚಿಪ್‌ಗಳ ಗಣಿತ ಘಟಕ 80 ಬಿಟ್‌ಗಳಲ್ಲಿ ಲೆಕ್ಕ ಮಾಡುತ್ತಿದ್ದರಿಂದ, ಎಲ್ಲೆಡೆ ಒಂದೇ ಉತ್ತರ ಬರಬೇಕೆಂಬ ಜಾವಾ ನಿಯಮವನ್ನು ಅಲ್ಲಿ ಪಾಲಿಸುವುದು ಬಹಳ ನಿಧಾನವಾಗುತ್ತಿತ್ತು. ಹೀಗಾಗಿ ಜಾವಾ 1.2 ನಿಯಮವನ್ನು ಸಡಿಲಿಸಿ, ಕಟ್ಟುನಿಟ್ಟು ಬೇಕಾದವರಿಗೆ ‘ಸ್ಟ್ರಿಕ್ಟ್‌ಎಫ್‌ಪಿ’ ಎಂಬ ಪದವನ್ನು ಕೊಟ್ಟಿತು. ಗಣಕ ಗಣಿತದ ತಜ್ಞರಾದ ವಿಲಿಯಂ ಕಹಾನ್ ಮತ್ತು ಜೋಸೆಫ್ ಡಾರ್ಸಿ 1998ರಲ್ಲಿ ಜಾವಾದ ಗಣಿತ ನೀತಿಯನ್ನು ಕಟುವಾಗಿ ವಿಮರ್ಶಿಸಿ, ಎಲ್ಲ ಗಣಕಗಳಲ್ಲೂ ಬಿಟ್ ಬಿಟ್‌ಗೂ ಒಂದೇ ಉತ್ತರ ಬರಬೇಕೆಂಬ ಹಟದಿಂದ ನಿಖರತೆಗೆ ನೆರವಾಗುವ ಯಂತ್ರಾಂಶ ಸೌಲಭ್ಯಗಳು ವ್ಯರ್ಥವಾಗುತ್ತವೆ ಎಂದು ವಾದಿಸಿದರು. ಹೊಸ ಚಿಪ್‌ಗಳ ಆದೇಶಗಳು ಆ ಹಳೆಯ ಅಡಚಣೆಯನ್ನು ನಿವಾರಿಸಿದ್ದರಿಂದ 2021ರ ಜಾವಾ 17 ಕಟ್ಟುನಿಟ್ಟನ್ನೇ ಮತ್ತೆ ಸಾರ್ವತ್ರಿಕ ನಿಯಮವಾಗಿಸಿತು. ಸೈನ್, ಕೊಸೈನ್‌ಗಳಂಥ ಫಲನಗಳಲ್ಲಿ ಕೊನೆಯ ಬಿಟ್ಟಿನ ವ್ಯತ್ಯಾಸಕ್ಕೆ ಇಂದಿಗೂ ಅವಕಾಶವಿದ್ದು, ಅಷ್ಟೂ ಸಲ್ಲದೆಂಬವರಿಗೆ ಸ್ಟ್ರಿಕ್ಟ್‌ಮ್ಯಾತ್ ಎಂಬ ಕ್ಲಾಸಿದೆ.

ಎಲ್ಲಕ್ಕಿಂತ ಕಠಿಣವಾದವು ಥ್ರೆಡ್‌ಗಳಿಗೆ, ಅಂದರೆ ಒಂದೇ ಪ್ರೋಗ್ರಾಂನೊಳಗೆ ಏಕಕಾಲದಲ್ಲಿ ನಡೆಯುವ ಕೆಲಸದ ಎಳೆಗಳಿಗೆ, ಸಂಬಂಧಿಸಿದ ದೋಷಗಳು. ಒಂದು ಥ್ರೆಡ್ ‘ನಿಲ್ಲು’ ಎಂಬ ಚರದ ಮೌಲ್ಯ ಬದಲಾಗುವವರೆಗೂ ಸುತ್ತುತ್ತಿರುತ್ತದೆ, ಇನ್ನೊಂದು ಥ್ರೆಡ್ ತಕ್ಕ ಸಮಯದಲ್ಲಿ ಅದನ್ನು ಬದಲಿಸುತ್ತದೆ ಎಂದುಕೊಳ್ಳಬಹುದು. ಆ ಚರವನ್ನು ‘ವೊಲಟೈಲ್’ ಎಂದು, ಅಂದರೆ ಥ್ರೆಡ್‌ಗಳ ನಡುವೆ ಹಂಚಿಕೆಯಾಗುವುದೆಂದು, ಘೋಷಿಸದಿದ್ದರೆ ಸುತ್ತು ಬೇಗ ಮುಗಿಯುವ ಪರೀಕ್ಷೆಯಲ್ಲಿ ಏನೂ ಗೋಚರಿಸುವುದಿಲ್ಲ. ಸುತ್ತು ಸಾವಿರಾರು ಬಾರಿ ನಡೆದ ಮೇಲೆ, ಓಡುತ್ತಿರುವಾಗಲೇ ಬೈಟ್‌ಕೋಡನ್ನು ಚಿಪ್ಪಿನ ಆದೇಶಗಳಾಗಿಸುವ ಜಿಟ್ ಕಂಪೈಲರ್ ಈ ಥ್ರೆಡ್ ಆ ಚರವನ್ನು ಎಲ್ಲೂ ಬದಲಿಸುತ್ತಿಲ್ಲವೆಂದು ಕಂಡು, ಅದನ್ನು ಒಮ್ಮೆ ಮಾತ್ರ ಓದಿ ಸುತ್ತನ್ನು ಅನಂತವಾಗಿಸಿಬಿಡುತ್ತದೆ. ಕಾರಣ ಹುಡುಕಲೆಂದು ಸುತ್ತಿನೊಳಗೆ ಒಂದು ಮುದ್ರಣದ ಸಾಲನ್ನು ಸೇರಿಸಿದರೆ ದೋಷವೇ ಮಾಯವಾಗುವುದುಂಟು, ಏಕೆಂದರೆ ಮುದ್ರಣದ ವಿಧಾನ ತನ್ನೊಳಗೆ ಬೀಗ ಹಿಡಿದು ಬಿಡುವುದರಿಂದ ಆ ಬಗೆಯ ಸರಳೀಕರಣಕ್ಕೆ ಅಡ್ಡಿಯಾಗುತ್ತದೆ. ನೋಡಹೋದಾಗ ಕಾಣದಾಗುವ ಈ ಗುಣವೇ ಥ್ರೆಡ್ ದೋಷಗಳನ್ನು ಉಳಿದವುಗಳಿಂದ ಬೇರೆಯಾಗಿಸುತ್ತದೆ.

ಚಿಪ್ಪಿನ ಜಾತಿ ಬದಲಾದಾಗ ಇದು ಇನ್ನೂ ಬಿಗಡಾಯಿಸುತ್ತದೆ. ಇಂಟೆಲ್ ಮತ್ತು ಎಎಂಡಿಗಳ ಎಕ್ಸ್86 ಚಿಪ್‌ಗಳು ಒಂದು ಕೋರ್ ಮಾಡಿದ ಬರಹಗಳನ್ನು ಉಳಿದ ಕೋರ್‌ಗಳಿಗೆ ಅದೇ ಕ್ರಮದಲ್ಲಿ ಕಾಣಿಸುತ್ತವೆ. ಆರ್ಮ್ ಚಿಪ್‌ಗಳಿಗೆ ಆ ಕಟ್ಟುಪಾಡಿಲ್ಲ. ವಸ್ತುವೊಂದರ ಒಳಗನ್ನು ತುಂಬಿ ಆಮೇಲೆ ಅದರ ವಿಳಾಸವನ್ನು ಹಂಚಿಕೆಯ ಚರದಲ್ಲಿಟ್ಟಾಗ, ಆರ್ಮ್ ಯಂತ್ರದ ಇನ್ನೊಂದು ಕೋರ್‌ಗೆ ವಿಳಾಸ ಮೊದಲು ಕಂಡು ಒಳಗು ಇನ್ನೂ ಖಾಲಿಯಾಗಿಯೇ ಕಾಣಬಹುದು. ಯಾವುದು ಯಾರಿಗೆ ಯಾವಾಗ ಕಾಣಬೇಕೆಂಬುದನ್ನು 2004ರ ಜಾವಾ 5ರ ಸ್ಮೃತಿ ಮಾದರಿ ಸ್ಪಷ್ಟವಾಗಿ ವಿಧಿಸಿದೆ, ಮತ್ತು ಅದನ್ನು ಪಾಲಿಸಿದ ಪ್ರೋಗ್ರಾಂಗೆ ಎರಡೂ ಜಾತಿಯ ಚಿಪ್‌ಗಳಲ್ಲಿ ಭಯವಿಲ್ಲ. ಪಾಲಿಸದ ಪ್ರೋಗ್ರಾಂ ಎಕ್ಸ್86 ಯಂತ್ರಗಳ ಔದಾರ್ಯದಿಂದ ವರ್ಷಗಟ್ಟಲೆ ಬದುಕಿರುತ್ತದೆ ಅಷ್ಟೆ. ಅಮೆಜಾನ್ 2018ರಲ್ಲಿ ಗ್ರಾವಿಟಾನ್ ಸರ್ವರ್‌ಗಳನ್ನೂ ಆಪಲ್ 2020ರಲ್ಲಿ ಎಂ1 ಗಣಕಗಳನ್ನೂ ತಂದ ಮೇಲೆ ಆರ್ಮ್ ಚಿಪ್ಪುಗಳು ಲ್ಯಾಪ್‌ಟಾಪಿಗೂ ಸರ್ವರಿಗೂ ಬಂದು, ಇಂಥ ಹಳೆಯ ಸಾಲಗಳ ವಸೂಲಿ ಆರಂಭವಾಗಿದೆ. ಇಲ್ಲಿ ಪದೇಪದೇ ಓಡಿಸಿ ನೋಡುವುದರಿಂದ ಸಿಗುವ ಧೈರ್ಯ ಪೊಳ್ಳು. ಹಂಚಿಕೆಯಾಗುವ ಪ್ರತಿ ಚರವನ್ನೂ ಹಿಡಿದು ಅದನ್ನು ಕಾಯುವ ಬೀಗ ಯಾವುದೆಂದು ಓದಿ ಖಚಿತಪಡಿಸಿಕೊಳ್ಳುವುದು ನಿಧಾನವಾದರೂ ನಂಬಬಹುದಾದ ದಾರಿ, ಮತ್ತು ಜಾವಾದ ಮುಕ್ತ ಆಕರ ರೂಪವಾದ ಓಪನ್‌ಜೆಡಿಕೆಯ ಸಮುದಾಯದ ಜೆಸಿಸ್ಟ್ರೆಸ್ ಎಂಬ ಪರೀಕ್ಷಾ ಸಾಧನ ಅದಕ್ಕೆ ಪೂರಕ.

ಕೋರ್‌ಗಳ ಸಂಖ್ಯೆ ಮತ್ತು ಸ್ಮೃತಿಯ ಗಾತ್ರವೂ ಹೇಳದೇ ಬಿಟ್ಟ ಮೌಲ್ಯಗಳೇ. ಬೇರೆ ಸೂಚನೆಯಿಲ್ಲದಿದ್ದರೆ ಜಾವಾದ ಹಾಟ್‌ಸ್ಪಾಟ್ ಎಂಬ ವರ್ಚುವಲ್ ಮಷಿನ್ ಸಾಮಾನ್ಯವಾಗಿ ಗಣಕದ ಒಟ್ಟು ಸ್ಮೃತಿಯ ಕಾಲುಭಾಗವನ್ನು ತನ್ನ ಗರಿಷ್ಠ ಮಿತಿಯಾಗಿ ಇಟ್ಟುಕೊಳ್ಳುತ್ತದೆ, ಮತ್ತು ಗಣಕದ ಶಕ್ತಿಯನ್ನು ನೋಡಿ ಬಳಸದ ಸ್ಮೃತಿಯನ್ನು ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಟರನ್ನು ತಾನೇ ಆರಿಸಿಕೊಳ್ಳುತ್ತದೆ. ಪ್ರೋಗ್ರಾಂ ಅನ್ನು ಅದರ ಸುತ್ತಲಿನ ಕಡತಗಳ ಸಮೇತ ಒಂದೇ ಕಟ್ಟಾಗಿ ಸಾಗಿಸುವ ಡಾಕರ್‌ನಂಥ ಕಂಟೇನರ್‌ಗಳು ಬಂದಾಗ ಹಳೆಯ ಜಾವಾ ಆವೃತ್ತಿಗಳು ಕಂಟೇನರಿಗೆ ಕೊಟ್ಟ ಮಿತಿಯನ್ನು ಕಾಣದೆ ಆತಿಥೇಯ ಗಣಕದ ಸ್ಮೃತಿಯನ್ನೇ ಲೆಕ್ಕ ಹಿಡಿದವು. ಮಿತಿ ಮೀರಿದ ಪ್ರೋಗ್ರಾಂ ಅನ್ನು ಲಿನಕ್ಸ್ ನೇರವಾಗಿ ಕೊನೆಗೊಳಿಸಿದ್ದರಿಂದ ಜಾವಾ ಕಡೆಯಲ್ಲಿ ದೋಷದ ಒಂದು ಸಾಲೂ ಉಳಿಯಲಿಲ್ಲ. 2018ರಲ್ಲಿ ಜಾವಾ 10 ಇದನ್ನು ಸರಿಪಡಿಸಿತು, ಮತ್ತು ಆ ತಿದ್ದುಪಡಿ ಅದೇ ವರ್ಷ ಜಾವಾ 8ರ 191ನೇ ಅಪ್‌ಡೇಟಿಗೂ ಬಂತು. ಕಂಟೇನರ್‌ಗಳು ಗಣಕಭೇದದ ಸಮಸ್ಯೆಯನ್ನೇ ಮುಗಿಸಿದವೆಂಬ ಅಭಿಪ್ರಾಯ ಇಂದು ಸಾಕಷ್ಟು ಬಲವಾಗಿದೆ. ಜಾವಾ ಆವೃತ್ತಿ, ಗ್ರಂಥಾಲಯ, ಫಾಂಟ್, ಭಾಷಾ ಹೊಂದಿಕೆಗಳ ಮಟ್ಟಿಗೆ ಆ ಮಾತು ಸರಿ. ಆದರೆ ಚಿಪ್ಪಿನ ಜಾತಿ, ಕೋರ್‌ಗಳ ಸಂಖ್ಯೆ, ಸ್ಮೃತಿಯ ಮಿತಿ ಕಂಟೇನರಿನ ಹೊರಗೇ ಉಳಿಯುತ್ತವೆ.

ಹೀಗೆ ಕಾರಣಗಳು ಹಲವಾದರೂ ಪತ್ತೆಯ ಕ್ರಮ ಸರಳವಾದದ್ದು: ಮೂಲ ಬರಹವನ್ನು ದಿಟ್ಟಿಸುವ ಮೊದಲು ಎರಡು ಪರಿಸರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು. ಎರಡೂ ಕಡೆ ಇರುವ ಜಾರ್ ಕಡತ ಒಂದೇ ಎಂಬುದನ್ನು ಹೆಸರಿನಿಂದಲ್ಲ, ಬೈಟ್‌ಗಳಿಂದ ಗಣಿಸಿದ ಚೆಕ್‌ಸಮ್‌ನಿಂದ ಖಚಿತಪಡಿಸಿಕೊಳ್ಳಬೇಕು. ಜಾವಾ ಆದೇಶಕ್ಕೆ ‘ಷೋಸೆಟಿಂಗ್ಸ್’ ಆಯ್ಕೆ ಕೊಟ್ಟರೆ ಸ್ಮೃತಿಯ ಮಿತಿ, ಲೊಕೇಲ್, ಸಂಕೇತೀಕರಣ ಮೊದಲಾದ ಮೌಲ್ಯಗಳು ಪಟ್ಟಿಯಾಗಿ ಬರುತ್ತವೆ. ಈಗಾಗಲೇ ಓಡುತ್ತಿರುವ ಪ್ರೋಗ್ರಾಂಗೆ ಜೆಸಿಎಂಡಿ ಎಂಬ ಸಾಧನ ಅದೇ ಕೆಲಸ ಮಾಡುತ್ತದೆ. ಟರ್ಮಿನಲ್ಲಿನಲ್ಲಿ ಕಾಣುವ ಜಾವಾ ಒಂದು, ಸೇವೆಯಾಗಿ ಓಡುತ್ತಿರುವ ಜಾವಾ ಇನ್ನೊಂದು ಆಗಿರುವುದು ಅಪರೂಪವಲ್ಲವಾದ್ದರಿಂದ ಎರಡನೆಯದನ್ನು ಕೇಳುವುದೇ ಮೇಲು. ಎರಡು ಪಟ್ಟಿಗಳ ನಡುವೆ ಕಂಡ ವ್ಯತ್ಯಾಸಗಳನ್ನು ಒಂದೊಂದಾಗಿ, ಒಮ್ಮೆಗೆ ಒಂದನ್ನೇ, ಸರಿಯಾಗಿ ನಡೆಯುವ ಗಣಕಕ್ಕೆ ವರ್ಗಾಯಿಸಿ ಅಲ್ಲಿ ದೋಷವನ್ನು ಬರಿಸಬೇಕು. ಕೆಟ್ಟ ಗಣಕವನ್ನು ಸರಿಪಡಿಸುತ್ತ ಹೋಗುವುದಕ್ಕಿಂತ ಒಳ್ಳೆಯ ಗಣಕವನ್ನು ಬೇಕೆಂದೇ ಕೆಡಿಸಿ ನೋಡುವುದು ಖಚಿತವಾದ ಸಾಕ್ಷ್ಯ ಕೊಡುತ್ತದೆ, ಏಕೆಂದರೆ ಹಲವು ಬದಲಾವಣೆಗಳ ನಡುವೆ ತೊಂದರೆ ತಾನಾಗಿ ಮರೆಯಾದರೆ ಕಾರಣ ಯಾವುದೆಂಬುದು ತಿಳಿಯದೇ ಉಳಿಯುತ್ತದೆ.

ಕಾರಣ ಸಿಕ್ಕ ಮೇಲೆ ಪರಿಹಾರವನ್ನು ಎಲ್ಲಿ ಮಾಡಬೇಕೆಂಬುದರ ಬಗ್ಗೆ ಭಿನ್ನಾಭಿಪ್ರಾಯವಿದೆ. ಪ್ರೋಗ್ರಾಂ ಮುಟ್ಟದೆ, ಆರಂಭಿಸುವ ಆದೇಶಕ್ಕೆ ಒಂದು ಆಯ್ಕೆ ಸೇರಿಸಿ ಹಳೆಯ ನಡೆಯನ್ನು ಉಳಿಸಿಕೊಳ್ಳುವುದು ನಿರ್ವಹಣೆ ಮಾಡುವವರಿಗೆ ಸಲೀಸು, ಮತ್ತು ರಾತ್ರೋರಾತ್ರಿ ಸೇವೆಯನ್ನು ಮರಳಿ ಎಬ್ಬಿಸಬೇಕಾದಾಗ ಅದು ಸರಿಯಾದ ಕ್ರಮವೂ ಹೌದು. ಆದರೆ ಅಂಥ ಆಯ್ಕೆ ಮುಂದಿನ ಗಣಕಕ್ಕೆ ಪ್ರೋಗ್ರಾಂ ಜೊತೆ ಪ್ರಯಾಣ ಮಾಡುವುದಿಲ್ಲ, ಮುಂದಿನ ಆವೃತ್ತಿಯಲ್ಲಿ ಉಳಿಯುತ್ತದೆಂಬ ಖಾತರಿಯೂ ಇಲ್ಲ. ಲೊಕೇಲ್ ಮಾಹಿತಿಯಲ್ಲಿ ಜಾವಾ 9 ತಂದ ಬದಲಾವಣೆಯಿಂದ ತಪ್ಪಿಸಿಕೊಳ್ಳಲು ಹಲವು ಕಚೇರಿಗಳು ಹಳೆಯ ಲೊಕೇಲ್ ಮಾಹಿತಿಯನ್ನೇ ಬೇಡುವ ‘ಕಾಂಪ್ಯಾಟ್’ ಆಯ್ಕೆಯನ್ನು ಬರೆದಿಟ್ಟುಕೊಂಡಿದ್ದವು. 2024ರ ಜಾವಾ 23 ಆ ಮಾಹಿತಿಯನ್ನೇ ತೆಗೆದುಹಾಕಿತು. ಅಷ್ಟರಲ್ಲಿ ದಿನಾಂಕದ ಮಾದರಿಯನ್ನೂ ಲೊಕೇಲನ್ನೂ ಮೂಲ ಬರಹದಲ್ಲೇ ಹೆಸರಿಸಿದ್ದ ಪ್ರೋಗ್ರಾಂಗಳಿಗೆ ಆ ಆಯ್ಕೆ ಬೇಕಾಗಿಯೇ ಇರಲಿಲ್ಲ.